ಸಂಪಾದಕರ ಮಾತು: ಖಜಾನೆಯ ಕೀಲಿಕೈ

ಸಂಜಯನಗರದ ನಮಗೆ ಯಲಹಂಕವೆಂದರೆ ಹೆಬ್ಬಾಳ ಮೇಲ್ಸೇತುವೆಯ ಟ್ರಾಫಿಕ್ ದಾಟಿ ಹೋಗಬೇಕಾದ ಊರು. ಹದಿನಾರನೆಯ ಶತಮಾನದಲ್ಲಿ ಅದೇ ಒಂದು ನಾಡು. ಅದನ್ನು ಆಳುತ್ತಿದ್ದ ಕೆಂಪೇಗೌಡರು ವಿಜಯನಗರದ ಸಾಮಂತರು. ಅವರು ಕೋಟೆ ಕಟ್ಟಿದರು, ಪೇಟೆ ಕಟ್ಟಿದರು, ಕೆರೆ ಕಟ್ಟಿಸಿದರು. ಅದಕ್ಕೆಲ್ಲ ಸಾಮ್ರಾಜ್ಯದ ತಕರಾರಿರಲಿಲ್ಲ. ಭೈರವನ ಹೆಸರಿನಲ್ಲಿ ಸ್ವಂತ ನಾಣ್ಯ ಟಂಕಿಸಿದಾಗ ಮಾತ್ರ ಚನ್ನಪಟ್ಟಣದ ಜಗದೇವರಾಯನ ದೂರು ದೊರೆಯ ಕಿವಿಗೆ ಬಿತ್ತು. ಆನೆಗೊಂದಿಯಲ್ಲಿ ಐದು ವರ್ಷ ಸೆರೆ, ಭಾರೀ ದಂಡ ತೆತ್ತ ಮೇಲೆ ಬಿಡುಗಡೆ ಎಂಬುದು ಪ್ರತೀತಿ.

ದೊಡ್ಡವರು ಸಣ್ಣವರ ಕೋಟೆಯನ್ನಾದರೂ ಸಹಿಸಿಯಾರು, ಖಜಾನೆಯ ಕೀಲಿಕೈಯನ್ನು ಸಹಿಸರು. 1824ರಲ್ಲಿ ಕಿತ್ತೂರಿನ ದತ್ತು ಒಪ್ಪದ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಕೈಹಾಕಿದ್ದು ಸಂಸ್ಥಾನದ ಖಜಾನೆಗೆ. ಅಕ್ಟೋಬರ್ 23ರಂದು ಅವನು ಹತನಾದ. ಕಿತ್ತೂರಿನ ರಾಣಿ ಚೆನ್ನಮ್ಮನ ಗೆಲುವು ಡಿಸೆಂಬರ್ ತನಕವಷ್ಟೇ ಬಾಳಿತು. ಮರುವರ್ಷ, ಗುಲಾಮರೇ ದಂಗೆಯೆದ್ದು ಕಟ್ಟಿದ್ದ ಹೈಟಿ ದೇಶದ ಮುಂದೆ ಫ್ರಾನ್ಸ್ ಯುದ್ಧನೌಕೆ ತಂದು ನಿಲ್ಲಿಸಿ, ಕೈತಪ್ಪಿದ ಆಸ್ತಿಗೆ 15 ಕೋಟಿ ಫ್ರಾಂಕ್ ಪರಿಹಾರ ಕೇಳಿತು. ಆ ಆಸ್ತಿಯ ಲೆಕ್ಕದಲ್ಲಿ ಅದೇ ಗುಲಾಮರ ಬೆಲೆಯೂ ಇತ್ತು! ಅದಕ್ಕಾಗಿ ಮಾಡಿದ ಸಾಲಗಳು ತೀರಿದ್ದು 1947ರಲ್ಲಿ.

ಈ ಮರ್ಮ ಶಿಕಾರಿಪುರ ತಾಲ್ಲೂಕಿನ ಈಸೂರಿಗೆ ಗೊತ್ತಿತ್ತು. 1942ರಲ್ಲಿ ಊರಿನವರು ಕಂದಾಯ ಕೊಡೆವೆಂದರು. ವಸೂಲಿಗೆ ಬಂದವರ ಕೈಯಿಂದ ಲೆಕ್ಕದ ಪುಸ್ತಕ ಕಿತ್ತುಕೊಂಡರು. ವೀರಭದ್ರನ ಗುಡಿಯ ಮೇಲೆ ಬಾವುಟ ಏರಿಸಿ ತಮ್ಮ ಹುಡುಗರನ್ನೇ ಅಮಲ್ದಾರ, ಸಬ್‌ಇನ್‌ಸ್ಪೆಕ್ಟರ್ ಮಾಡಿದರು. ಘರ್ಷಣೆಯಲ್ಲಿ ಇಬ್ಬರು ಅಧಿಕಾರಿಗಳು ಸತ್ತರು. 1943ರ ಮಾರ್ಚ್‌ನಲ್ಲಿ ಐವರಿಗೆ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಗಲ್ಲಾಯಿತು. ಆ ಜಾಗವೇ ಇಂದಿನ ಫ್ರೀಡಂ ಪಾರ್ಕ್.

ಅಷ್ಟು ಬೆಲೆ ತೆತ್ತು ಪಡೆದದ್ದನ್ನು ನಾವು ಹೇಗೆ ಇಟ್ಟುಕೊಂಡಿದ್ದೇವೆ? 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ನಮ್ಮ ವಾರ್ಡುಗಳು ವರ್ಷಗಟ್ಟಲೆ ಚುನಾಯಿತ ಸದಸ್ಯರಿಲ್ಲದೆ ನಡೆದವು. ಆಸ್ತಿ ತೆರಿಗೆಯನ್ನು ಮಾತ್ರ ಏಪ್ರಿಲ್‌ನಲ್ಲೇ ಕಟ್ಟಿ, ಶೇ 5ರ ರಿಯಾಯಿತಿ ಸಿಕ್ಕಿತೆಂದು ಖುಷಿಪಟ್ಟೆವು. ಯಾರೂ ದಂಡೆತ್ತಿ ಬರಲಿಲ್ಲ, ಕೀಲಿಕೈ ನಾವಾಗಿಯೇ ಕೊಟ್ಟೆವು. ಈಸೂರಿನವರ ಹಾಗೆ ಪುಸ್ತಕ ಕಸಿದುಕೊಳ್ಳುವ ಕಾಲ ಇದಲ್ಲ, ಅದರ ಅಗತ್ಯವೂ ಇಲ್ಲ. ನಮ್ಮ ಬೀದಿಯಿಂದ ಎಷ್ಟು ಹೋಯಿತು, ನಮ್ಮ ಬೀದಿಗೆ ಎಷ್ಟು ಬಂತು ಎಂದು ಎದ್ದುನಿಂತು ಕೇಳಬೇಕು. ಉತ್ತರ ಬರುವ ತನಕ ಕೂರಬಾರದು.