ಒಂಬತ್ತು ಕುಳಿ, ಒಂದು ಗೋಮಾಳ

ನೆಲದಲ್ಲಿ ಒಂದು ಸಣ್ಣ ಕುಳಿ ತೋಡಿ ಅದರ ಸುತ್ತ ಆಟ ಕಟ್ಟುವುದು ಲೋಕದ ಎಲ್ಲ ಮಕ್ಕಳಿಗೂ ಗೊತ್ತಿರುವ ವಿದ್ಯೆ. ಚಿನ್ನಿದಾಂಡಿಗೂ ಕುಳಿ ಬೇಕು, ಗೋಲಿಗೂ ಕುಳಿ ಬೇಕು. ಗಾಲ್ಫ್ ಎಂಬುದು ಕೂಡ ಮೂಲತಃ ಇದೇ ಜಾತಿಯ ಆಟ. ಕೋಲಿನಿಂದ ಚೆಂಡನ್ನು ಹೊಡೆಯುತ್ತ, ನಡೆಯುತ್ತ, ನಾಲ್ಕೂಕಾಲು ಅಂಗುಲ ಅಗಲದ ಒಂದು ಕುಳಿಗೆ ಅದನ್ನು ಬೀಳಿಸುವುದು. ಆಮೇಲೆ ಮುಂದಿನ ಕುಳಿಯತ್ತ ಹೆಜ್ಜೆ ಹಾಕುವುದು. ಎಷ್ಟು ಕಡಿಮೆ ಹೊಡೆತದಲ್ಲಿ ಮುಗಿಸಿದೆವು ಎಂಬುದೇ ಗೆಲುವು. ಲೆಕ್ಕ ಇಡುವವನು ಆಡುವವನೇ.

ಹಲಗೂರಿನ ಸುತ್ತಿನ ಬೆಟ್ಟದ ಹಳ್ಳಿಗಳಲ್ಲಿ ಈ ಆಟದ ಮಾತೆತ್ತಿದರೆ ಅದು ಯಾವುದೋ ದೊಡ್ಡವರ ಸಂಗತಿ, ನಮಗೇಕೆ ಎಂದು ಕೇಳುವವರೇ ಹೆಚ್ಚು. ಆದರೆ ಬೆಂಗಳೂರು ದಿನದಿನಕ್ಕೆ ಕನಕಪುರ ರಸ್ತೆಯ ಗುಂಟ ದಕ್ಷಿಣಕ್ಕೆ ಬೆಳೆಯುತ್ತಿರುವಾಗ, ಬೆಟ್ಟದ ತಪ್ಪಲು ಮತ್ತು ಹೊಳೆಯ ದಂಡೆಗಳು ‘ನೋಟ’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬರುತ್ತಿರುವಾಗ, ಈ ಆಟ ಏನು, ಅದು ನೆಲದಿಂದ ಏನನ್ನು ಕೇಳುತ್ತದೆ ಎಂಬುದನ್ನು ಮೊದಲೇ ತಿಳಿದಿರುವುದು ಲೇಸು. ವಿರೋಧಿಸುವುದಾದರೂ ತಿಳಿದು ವಿರೋಧಿಸಬೇಕು. ಒಪ್ಪುವುದಾದರೂ ತಿಳಿದು ಒಪ್ಪಬೇಕು.

ಗಾಲ್ಫ್ ಹುಟ್ಟಿದ್ದು ಶ್ರೀಮಂತರ ತೋಟದಲ್ಲಲ್ಲ; ಒಂದು ಊರಿನ ಗೋಮಾಳದಲ್ಲಿ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಪಟ್ಟಣದ ಅಂಚಿನಲ್ಲಿ, ಸಮುದ್ರ ಮತ್ತು ಹೊಲಗಳ ನಡುವೆ, ನೇಗಿಲಿಗೆ ಒಗ್ಗದ ಮರಳು ನೆಲವೊಂದಿತ್ತು. ಅದು ಊರವರೆಲ್ಲರದು. ಅಲ್ಲಿ ಕುರಿ ಮೇಯುತ್ತಿದ್ದವು, ಮೊಲಗಳು ಬಿಲ ತೋಡುತ್ತಿದ್ದವು, ಜನ ಬಟ್ಟೆ ಒಣಗಿಸುತ್ತಿದ್ದರು, ಬಿಡುವಿದ್ದವರು ಚೆಂಡು ಹೊಡೆಯುತ್ತಿದ್ದರು. ಹುಲ್ಲನ್ನು ಸಣ್ಣಗೆ ಕತ್ತರಿಸುತ್ತಿದ್ದುದು ಯಂತ್ರವಲ್ಲ, ಕುರಿಯ ಹಲ್ಲು. ನೀರುಣಿಸುತ್ತಿದ್ದುದು ಜಿನುಗು ಮಳೆ. ಇಂದು ಎಲ್ಲೆಡೆ ರೂಢಿಯಲ್ಲಿರುವ ಹದಿನೆಂಟು ಕುಳಿಗಳ ಲೆಕ್ಕ ಅಲ್ಲಿಯೇ 1764ರಲ್ಲಿ ನಿಂತದ್ದು.

ಆ ನೆಲಕ್ಕೂ ಸಂಕಟ ಬಂದದ್ದುಂಟು. 1797ರಲ್ಲಿ, ಸಾಲದಲ್ಲಿ ಮುಳುಗಿದ್ದ ಪಟ್ಟಣದ ಆಡಳಿತವು ಆ ಬಯಲನ್ನು ಪರಭಾರೆ ಮಾಡಿತು. ವ್ಯಾಪಾರಿಗಳು ಅಲ್ಲಿ ಮೊಲ ಸಾಕಾಣಿಕೆಗೆ ತೊಡಗಿದರು. ಊರವರಿಗೂ ಮೊಲದ ವ್ಯಾಪಾರಿಗಳಿಗೂ ನ್ಯಾಯಾಲಯದಲ್ಲಿ, ಬಯಲಿನಲ್ಲಿ ವರ್ಷಗಟ್ಟಲೆ ಜಗಳ ನಡೆಯಿತು. 1821ರಲ್ಲಿ ಆಟದ ಅಭಿಮಾನಿಯೊಬ್ಬ ಆ ಭೂಮಿಯನ್ನು ಕೊಂಡು ಉಳಿಸಿದ. 1894ರಲ್ಲಿ ಪ್ರತ್ಯೇಕ ಕಾಯಿದೆಯ ಮೂಲಕ ಅದು ಮರಳಿ ಪಟ್ಟಣದ ಸ್ವತ್ತಾಯಿತು. ಇಂದಿಗೂ ಅಲ್ಲಿನ ಮೊದಲ ಮತ್ತು ಕೊನೆಯ ಕುಳಿಗಳ ಹಾದಿಯನ್ನು ಅಡ್ಡಹಾಯ್ದು ಸಾರ್ವಜನಿಕ ರಸ್ತೆಯೊಂದು ಹೋಗುತ್ತದೆ. ಭಾನುವಾರ ಹಳೆಯ ಮೈದಾನದಲ್ಲಿ ಸಾಮಾನ್ಯವಾಗಿ ಆಟವಿಲ್ಲ. ಊರಿನ ಜನ ಮಕ್ಕಳೊಡನೆ, ನಾಯಿಗಳೊಡನೆ ಅಡ್ಡಾಡುತ್ತಾರೆ. ಲೋಕದ ಅತ್ಯಂತ ಹೆಸರುವಾಸಿಯಾದ ಗಾಲ್ಫ್ ಮೈದಾನಕ್ಕೆ ಬೇಲಿಯ ಗರ್ವವಿಲ್ಲ ಎಂಬುದನ್ನು ನಮ್ಮಲ್ಲಿ ಗಾಲ್ಫ್ ಮಾರುವವರು ಹೇಳುವುದಿಲ್ಲ.

ಈ ಆಟದ ನಿಯಮಗಳಿಗೆಲ್ಲ ತಾಯಿಬೇರಿನಂತಿರುವ ಮಾತು ಎರಡೇ: ಚೆಂಡು ಬಿದ್ದಲ್ಲಿಂದಲೇ ಆಡು, ನೆಲವನ್ನು ಇದ್ದಂತೆಯೇ ಆಡು. ದಿಬ್ಬವಿದ್ದರೆ ದಿಬ್ಬ, ಹಳ್ಳವಿದ್ದರೆ ಹಳ್ಳ, ಮುಳ್ಳಿನ ಪೊದೆಯಿದ್ದರೆ ಪೊದೆ. ಅನುಕೂಲಕ್ಕಾಗಿ ಒಂದು ಟೊಂಗೆಯನ್ನು ಬಗ್ಗಿಸಿದರೂ ದಂಡ. ಹೊಡೆತಕ್ಕೆ ಎದ್ದ ಹುಲ್ಲುಹೆಂಟೆಯನ್ನು ಮರಳಿ ಕೂರಿಸಿ ಮುಂದೆ ಹೋಗುವುದು ಆಟಗಾರನ ಮರ್ಯಾದೆ. ಪರಿಸರದ ಪಾಠವಾಗಿ ಇದಕ್ಕಿಂತ ಒಳ್ಳೆಯ ಸೂತ್ರವನ್ನು ನಾವೂ ಬರೆಯಲಾರೆವು.

ಸಣ್ಣ ಊರುಗಳ ಸಣ್ಣ ಮೈದಾನಗಳು ಈ ಸೂತ್ರಕ್ಕೆ ಬಹುಮಟ್ಟಿಗೆ ನಿಷ್ಠವಾಗಿದ್ದವು. ಹದಿನೆಂಟಕ್ಕೆ ಜಾಗವಿಲ್ಲದಿದ್ದರೆ ಒಂಬತ್ತೇ ಕುಳಿ. ಅದನ್ನೇ ಎರಡು ಸುತ್ತು ಆಡಿದರೆ ಹದಿನೆಂಟಾಯಿತು. ಎರಡನೆಯ ಸುತ್ತಿಗೆ ಹೊಡೆಯುವ ಜಾಗವನ್ನು ತುಸು ಬದಲಿಸಿದರೆ ಅದೇ ಕುಳಿ ಹೊಸದಾಗಿ ಕಾಣುತ್ತದೆ. ನೀರಿಲ್ಲದ ಸೀಮೆಗಳಲ್ಲಿ ಕುಳಿಯ ಸುತ್ತಲ ಹಸಿರು ಹಾಸಿಗೆಯನ್ನೇ ಬಿಟ್ಟು, ಮರಳನ್ನು ಹದಮಾಡಿ ಸಮತಟ್ಟಾಗಿ ಹರಡುತ್ತಿದ್ದರು. ಇಂಥವಕ್ಕೆ ‘ಗ್ರೀನ್’ ಬದಲು ‘ಬ್ರೌನ್’ ಎಂದೇ ಹೆಸರು. ಭಾರತದಲ್ಲಿಯೂ ಆಫ್ರಿಕಾದಲ್ಲಿಯೂ ಇವು ಸಾಮಾನ್ಯವಾಗಿದ್ದವು. ಆಸ್ಟ್ರೇಲಿಯದ ಮರುಭೂಮಿಯಲ್ಲಿರುವ ಕೂಬರ್ ಪೀಡಿ ಎಂಬ ಗಣಿ ಊರಿನ ಮೈದಾನದಲ್ಲಿ ಹುಲ್ಲೇ ಇಲ್ಲ. ಚೆಂಡಿಟ್ಟು ಹೊಡೆಯಲು ಆಟಗಾರರು ಅಂಗೈಯಗಲದ ಹುಲ್ಲುಹಾಸಿನ ತುಂಡೊಂದನ್ನು ಜೊತೆಗೇ ಹೊತ್ತು ತಿರುಗುತ್ತಾರೆ. ಅವರ ಆಟಕ್ಕೇನೂ ಕುಂದಾಗಿಲ್ಲ. ಹಸಿರು ಹಾಸು ಆಟದ ಅಗತ್ಯವಲ್ಲ, ಅಲಂಕಾರ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಹಾಗಾದರೆ ಕೇಡು ಎಲ್ಲಿಂದ ಬಂತು? ಟೆಲಿವಿಷನ್ನಿನಲ್ಲಿ ಕಂಡ ಪಚ್ಚೆಯ ಬಣ್ಣವನ್ನು ಬೇಸಗೆಯ ಬಯಲುಸೀಮೆಯಲ್ಲೂ ಕಾಣಬೇಕೆಂಬ ಹಟದಿಂದ ಬಂತು. ಆ ಹಟದ ಬೆಲೆಯನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. ಒಂದು ಹೆಕ್ಟೇರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು 10,000 ಲೀಟರ್. ಬಿಸಿಲುಗಾಲದಲ್ಲಿ ಹುಲ್ಲು ಹಸಿರಾಗಿರಲು ದಿನಕ್ಕೆ 5 ಮಿಲಿಮೀಟರ್ ನೀರು ಬೇಕೆಂದುಕೊಳ್ಳೋಣ. 20 ಹೆಕ್ಟೇರ್ ಹುಲ್ಲಿಗೆ ನೀರುಣಿಸಿದರೆ ದಿನವೊಂದಕ್ಕೆ 10 ಲಕ್ಷ ಲೀಟರ್. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಪ್ರಮಾಣ ಗೊತ್ತುಮಾಡಿದೆ. ಆ ಪ್ರಮಾಣದಲ್ಲಿ ಹಂಚಿದರೆ ಇದು ಹದಿನೆಂಟು ಸಾವಿರ ಜನರ ನೀರು. ಮಂಡ್ಯ ಜಿಲ್ಲೆಯಲ್ಲಿ ವರ್ಷವಿಡೀ ಬೀಳುವ ಮಳೆಯೇ 700 ಮಿಲಿಮೀಟರಿನ ಆಸುಪಾಸು. ಅದೂ ಕೆಲವೇ ತಿಂಗಳುಗಳಲ್ಲಿ. ಉಳಿದ ತಿಂಗಳುಗಳ ಹಸಿರು ಯಾರದೋ ಕೊಳವೆಬಾವಿಯಿಂದಲೇ ಬರಬೇಕು. ಅದರ ಬೆನ್ನಿಗೆ ಕಳೆನಾಶಕ, ಶಿಲೀಂಧ್ರನಾಶಕ, ರಾಸಾಯನಿಕ ಗೊಬ್ಬರ. ಇವೆಲ್ಲ ಮೊದಲ ಮಳೆಗೆ ಇಳಿಜಾರಿನ ಕೆರೆಗೆ ಇಳಿಯುತ್ತವೆ. ಬೆಟ್ಟದ ಮೇಲೆ ಮಾಡಿದ್ದು ಬೆಟ್ಟದ ಮೇಲೆಯೇ ನಿಲ್ಲುವುದಿಲ್ಲ.

ನೀರಿನ ವಿಷಯದಲ್ಲಿ ಹಲಗೂರಿನ ಸೀಮೆಗೆ ಮಾತನಾಡುವ ವಿಶೇಷ ಹಕ್ಕಿದೆ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ತು ತೆಗೆದಾಗ ಅದು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ಹೋಯಿತು. ಜಲಪಾತದ ಪಕ್ಕದ ಹಳ್ಳಿಗಳಿಗೆ ದೀಪ ಬಂದದ್ದು ಬಹಳ ತಡವಾಗಿ. 1974ರಿಂದ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಂಡ ಕಾವೇರಿ ನೀರು ಹಾರೋಹಳ್ಳಿ, ತಾತಗುಣಿಗಳ ಪಂಪುಗಳನ್ನೇರಿ ಸುಮಾರು 100 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗುತ್ತಿದೆ. 2024ರ ಅಕ್ಟೋಬರಿನಲ್ಲಿ ಅದಕ್ಕೆ ದಿನಕ್ಕೆ 77.5 ಕೋಟಿ ಲೀಟರಿನ ಐದನೆಯ ಹಂತವೂ ಸೇರಿತು. ನಗರದ ಬಾಯಾರಿಕೆಯನ್ನು ಯಾರೂ ಅಲ್ಲಗಳೆಯುವುದಿಲ್ಲ. ಕುಡಿಯುವ ನೀರು ಎಲ್ಲರ ಹಕ್ಕು. ಆದರೆ ಬೆಳಕನ್ನೂ ನೀರನ್ನೂ ಕೊಟ್ಟ ಸೀಮೆ ಈಗ ವಿಹಾರದ ಹುಲ್ಲಿಗಾಗಿ ಅಂತರ್ಜಲವನ್ನೂ ಕೊಡಬೇಕೆಂದರೆ, ಅದು ಹಕ್ಕಿನ ಮಾತಲ್ಲ. 2024ರ ಮಾರ್ಚಿಯಲ್ಲಿ ಬೆಂಗಳೂರಿನಲ್ಲೇ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆಜ್ಞೆ ಹೊರಡಿಸಬೇಕಾಯಿತು. ನಗರಕ್ಕೆ ಸಲ್ಲದ್ದು ಹಳ್ಳಿಗೆ ಸಲ್ಲುವುದು ಹೇಗೆ?

ಇನ್ನು ಭೂಮಿ. ಹದಿನೆಂಟು ಕುಳಿಯ ಮೈದಾನಕ್ಕೆ ಸಾಮಾನ್ಯವಾಗಿ 120ರಿಂದ 150 ಎಕರೆ ಬೇಕು. ಕರ್ನಾಟಕ ಭೂ ಕಂದಾಯ ನಿಯಮಗಳ 97ನೆಯ ನಿಯಮದಂತೆ ಊರಿನ ಪ್ರತಿ 100 ಜಾನುವಾರುಗಳಿಗೆ 30 ಎಕರೆ ಗೋಮಾಳವಿರಬೇಕು. ಅಂದರೆ 150 ಎಕರೆ ಎಂದರೆ 500 ದನಗಳ ಮೇವು. ಈ ಲೆಕ್ಕಕ್ಕಿಂತ ಹೆಚ್ಚಿಗೆ ಇದೆಯೆಂದು ಕಡತದಲ್ಲಿ ತೋರಿದರೆ ಹೆಚ್ಚುವರಿ ಗೋಮಾಳವನ್ನು ಬೇರೆ ಉದ್ದೇಶಕ್ಕೆ ಬಿಡಲು ಅವಕಾಶವುಂಟು. ಆದ್ದರಿಂದಲೇ ದನಗಳ ಲೆಕ್ಕ ಬರಿಯ ಲೆಕ್ಕವಲ್ಲ. ಅದು ಗೋಮಾಳದ ಕಾವಲು. ಬಿಡದಿಯ ಬಳಿಯ ಗಾಲ್ಫ್ ರೆಸಾರ್ಟ್ ಒಂದರ ಆವರಣದೊಳಗೆ ಸೇರಿದ್ದ ಸುಮಾರು 77 ಎಕರೆ ಸರ್ಕಾರಿ ಭೂಮಿಗೆ ಸರ್ಕಾರ 982 ಕೋಟಿ ರೂಪಾಯಿ ಬೆಲೆ ಕಟ್ಟಿತ್ತು. ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ಬೇಲಿ ಹಾಕುವುದಕ್ಕೆ ಒಂದು ರಾತ್ರಿ ಸಾಕು. ಬೇಲಿ ಬಿಡಿಸುವುದಕ್ಕೆ ಒಂದು ತಲೆಮಾರು ಬೇಕು. ಊರೊಟ್ಟಿನ ಭೂಮಿಯ ಒತ್ತುವರಿಗಳನ್ನು ತೆರವುಗೊಳಿಸಿ ಗ್ರಾಮಗಳಿಗೆ ಮರಳಿಸಬೇಕೆಂದು 2011ರ ಜನವರಿ 28ರಂದು ಜಗ್ಪಾಲ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿರುವುದು ನಮ್ಮ ಕೈಯಲ್ಲಿರುವ ದೊಡ್ಡ ಬಲ.

ನಮ್ಮ ಗಡಿಯಲ್ಲೇ ಮುತ್ತತ್ತಿ, ಬಸವನಬೆಟ್ಟಗಳ ಕಾಡಿದೆ; 1987ರಿಂದ ಕಾವೇರಿ ವನ್ಯಜೀವಿಧಾಮವಿದೆ. ಕಾಡಂಚಿನ ಪ್ರತಿಯೊಂದು ಹೊಸ ಬೇಲಿಯೂ ಆನೆಯ ಹಾದಿಯನ್ನು ಸರಿಸುತ್ತದೆ. ಸರಿದ ಹಾದಿ ರಾಗಿ ಹೊಲದ ಮೇಲೆಯೇ ಬರುತ್ತದೆ. ಅದರ ನಷ್ಟವನ್ನು ತೆರುವವನು ಚೆಂಡು ಹೊಡೆದವನಲ್ಲ.

ಇದಕ್ಕೆ ಎದುರು ವಾದವೂ ಇದೆ. ಅದನ್ನು ಕೇಳದೆ ಹೋಗುವುದು ನ್ಯಾಯವಲ್ಲ. ಗಾಲ್ಫ್ ಬಂದರೆ ಕೆಲಸ ಬರುತ್ತದೆ ಎನ್ನುತ್ತಾರೆ. ಸುಳ್ಳಲ್ಲ. ಬಿಡದಿಯ ಮೈದಾನದ ಪಕ್ಕದ ರಾಂಪುರದ ಬಡ ಕುಟುಂಬದಲ್ಲಿ ಬೆಳೆದ ಎಸ್. ಚಿಕ್ಕರಂಗಪ್ಪ ಅಲ್ಲಿಯೇ ಆಟ ಕಲಿತು ವೃತ್ತಿಪರರಾದರು.  ಈ ಸಾಧನೆಗೆ ನಾವು ತಲೆಬಾಗುತ್ತೇವೆ. ಆದರೆ ಅದು ಹೇಳುವ ಪಾಠವೇನು? ಹಳ್ಳಿಯ ಹುಡುಗನಿಗೆ ಬೇಕಾದದ್ದು ತೆರೆದ ಬಾಗಿಲು ಮತ್ತು ಕಲಿಸುವ ಗುರು; ಬಾಗಿಲು ಮುಚ್ಚಿದ ನೂರೈವತ್ತು ಎಕರೆಯಲ್ಲ. ಒಬ್ಬ ಆಟಗಾರ ಹೊರಬಂದನೆಂದು ಐನೂರು ದನಗಳ ಮೇವನ್ನೂ ಹದಿನೆಂಟು ಸಾವಿರ ಜನರ ನೀರನ್ನೂ ಒತ್ತೆಯಿಡಲಾಗದು. ಹುಲ್ಲು ಕತ್ತರಿಸುವ, ಚೀಲ ಹೊರುವ ನೌಕರಿಗಳ ಎಣಿಕೆ ಮಾಡುವಾಗ, ಆ ಭೂಮಿಯನ್ನೇ ನಂಬಿದ್ದ ಕುರಿಗಾಹಿಗಳ, ಸೌದೆಯವರ, ಹಾಲಿನವರ ಎಣಿಕೆಯನ್ನೂ ಅದೇ ಹಾಳೆಯ ಮೇಲೆ ಬರೆಯಬೇಕು.

ಹಳ್ಳಿಗಳು ಮಾತನಾಡಿದರೆ ಕೇಳಿಸುತ್ತದೆ ಎಂಬುದಕ್ಕೆ ನಿದರ್ಶನಗಳಿವೆ. 1993ರ ಏಪ್ರಿಲ್ 29ನ್ನು ಏಷ್ಯಾದ ಪರಿಸರ ಸಂಘಟನೆಗಳು ‘ವಿಶ್ವ ಗಾಲ್ಫ್ ವಿರೋಧಿ ದಿನ’ವೆಂದು ಸಾರಿದವು. ಮೆಕ್ಸಿಕೋದ ತೆಪೋಸ್‌ತ್ಲಾನ್ ಎಂಬ ಬೆಟ್ಟದ ಊರಿನಲ್ಲಿ 1995ರಲ್ಲಿ ಊರೊಟ್ಟಿನ ಭೂಮಿಯ ಮೇಲೆ ಗಾಲ್ಫ್ ಮೈದಾನ ಹಾಗೂ ನೂರಾರು ಮನೆಗಳ ಯೋಜನೆ ಬಂದಾಗ, ಜನ ಅದಕ್ಕೆ ಒಪ್ಪಿಗೆ ಕೊಟ್ಟ ಪುರಸಭೆಯನ್ನೇ ಹೊರಗಟ್ಟಿ ತಾವೇ ಆಡಳಿತ ನಡೆಸಿದರು. 1996ರ ಏಪ್ರಿಲ್ 10ರಂದು ಪೊಲೀಸರ ದಾಳಿಯಲ್ಲಿ ಊರಿನವನೊಬ್ಬ ಪ್ರಾಣ ಕಳೆದುಕೊಂಡ. ಕೆಲವೇ ದಿನಗಳಲ್ಲಿ ಕಂಪನಿ ಯೋಜನೆಯನ್ನು ಕೈಬಿಟ್ಟಿತು. ಅಷ್ಟು ಬೆಲೆ ತೆರುವ ಮೊದಲೇ ಎಚ್ಚರವಾಗುವುದು ನಮ್ಮ ಭಾಗ್ಯದಲ್ಲಿದೆ.

ನಮ್ಮ ನಿಲುವು ಇಷ್ಟು. ಆಟದ ಮೇಲೆ ನಮಗೆ ಹಗೆಯಿಲ್ಲ. ಯಾರಾದರೂ ಗಾಲ್ಫ್ ಮೈದಾನದ ನಕ್ಷೆ ಹಿಡಿದು ಬಂದರೆ ಗ್ರಾಮಸಭೆಯಲ್ಲಿ ಐದು ಪ್ರಶ್ನೆ ಕೇಳೋಣ. ನೀರು ಯಾವುದು, ಏಪ್ರಿಲ್ ತಿಂಗಳಲ್ಲಿ ದಿನಕ್ಕೆ ಎಷ್ಟು? ಭೂಮಿಯ ಪಹಣಿಯಲ್ಲಿ ಯಾರ ಹೆಸರಿದೆ? ದಿಬ್ಬ-ಹಳ್ಳಗಳನ್ನು ಇದ್ದಂತೆ ಬಿಡುವಿರೋ, ಯಂತ್ರ ತರುವಿರೋ? ಯಾವ ಔಷಧ ಸಿಂಪಡಿಸುವಿರಿ, ಅದು ಯಾವ ಕೆರೆಗೆ ಇಳಿಯುತ್ತದೆ? ನಮ್ಮ ಕಾಲುದಾರಿ ಮತ್ತು ದನದ ದಾರಿ ತೆರೆದಿರುತ್ತದೆಯೆ? ಉತ್ತರಗಳನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿಕೊಳ್ಳೋಣ. ಒಂಬತ್ತು ಕುಳಿ, ಮರಳು ಹಾಸು, ಮೇಯುವ ಕುರಿ, ಬೇಲಿಯಿಲ್ಲದ ಬಯಲು ಎಂದು ಯಾರಾದರೂ ಉತ್ತರ ಕೊಟ್ಟರೆ, ನಮ್ಮ ಹುಡುಗ ಹುಡುಗಿಯರೂ ಕೋಲು ಹಿಡಿಯಲಿ.

ಅಲ್ಲಿಯವರೆಗೆ ಶಾಲೆ, ಕಾಲೇಜುಗಳ ವಿದ್ಯಾರ್ಥಿಗಳಿಗೆ ಒಂದು ಕೆಲಸವಿದೆ. ಈ ಬೇಸಗೆಯ ರಜೆಯಲ್ಲಿ ನಿಮ್ಮ ಊರಿನ ಗೋಮಾಳದ ಸರ್ವೆ ನಂಬರು, ವಿಸ್ತೀರ್ಣ, ಎಲ್ಲೆಕಲ್ಲುಗಳನ್ನು ಹಿರಿಯರೊಡನೆ ನಡೆದು ಗುರುತಿಸಿ. ಮನೆಮನೆಗೆ ಹೋಗಿ ಹಸು, ಎಮ್ಮೆ, ಕುರಿ, ಮೇಕೆಗಳನ್ನು ಎಣಿಸಿ. 97ನೆಯ ನಿಯಮದಂತೆ ಎಷ್ಟು ಎಕರೆ ಬೇಕು, ಎಷ್ಟು ಉಳಿದಿದೆ ಎಂದು ಒಂದು ಹಾಳೆಯಲ್ಲಿ ಬರೆದು ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಿ. ನಕ್ಷೆ ಹಿಡಿದು ಬರುವವರು ಮೊದಲು ಅದನ್ನು ಓದಿಕೊಂಡು ಒಳಗೆ ಬರಲಿ.