ಕಿಸೆಯಲ್ಲಿರತಕ್ಕ ಚಾಕು

ಕಳೆದ ಅಮಾವಾಸ್ಯೆಯ ಮರುದಿನ ನಮ್ಮ ತಂಗಿಯ ಮಗನು ಹುಮನಾಬಾದಿನಿಂದ ಬಸವಕಲ್ಯಾಣದ ನಮ್ಮ ಮನೆಗೆ ಬಂದಿದ್ದನು. ಅವನಿಗೆ ಅಲ್ಲಿ ನಾಲ್ಕೆಕರೆ ಕಬ್ಬು, ಎರಡೆಕರೆ ತೊಗರಿ, ಕೊಟ್ಟಿಗೆಯ ತುಂಬ ದನಗಳು. ಊಟವಾದ ಮೇಲೆ ಮೊಬೈಲಿನಲ್ಲಿ ಮಡಚುವ ಚಾಕುಗಳ ಎರಡು ಚಿತ್ರಗಳನ್ನು ತೋರಿಸಿ, "ಮಾಮಾ, ದಿನವೂ ಕಿಸೆಯಲ್ಲಿಟ್ಟುಕೊಳ್ಳುವುದಕ್ಕೆ ಒಂದು ಬೇಕು. ಎರಡಕ್ಕೂ ಒಳಗೆ ಕಮಾನು ಇದೆ. ಯಾವುದನ್ನು ಕೊಳ್ಳಲಿ?" ಎಂದು ಕೇಳಿದನು. ನಾವು ಬಾಯಿ ತೆರೆಯುವ ಮೊದಲೇ ಅಡಿಗೆಮನೆಯಿಂದ ಅವನ ಅತ್ತೆಯ ಮಾತು ಬಂದಿತು: "ಚಾಕು ಇಟ್ಟುಕೊಂಡು ತಿರುಗುವುದು ಮರ್ಯಾದಸ್ಥರ ಲಕ್ಷಣವೇನಪ್ಪಾ?"

ಹೀಗೆ ಎರಡು ಪ್ರಶ್ನೆಗಳು ನಮ್ಮ ಮುಂದೆ ನಿಂತವು. ನಮ್ಮ ವಾಚಕರ ಮನೆಗಳಲ್ಲಿಯೂ ಇವು ಏಳತಕ್ಕವೇ ಆದುದರಿಂದ ನಾವು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುತ್ತೇವೆ.

ಮನೆಯವರ ಪ್ರಶ್ನೆ ಮೊದಲು. ಅಮರಕೋಶವು ಈ ಆಯುಧಕ್ಕೆ ಹೇಳುವ ಹೆಸರುಗಳಲ್ಲಿ ಛುರಿಕೆಯೆಂಬುದೊಂದು. ನಮ್ಮ ಚೂರಿ ಅದರ ತದ್ಭವ. ಇನ್ನೊಂದು ಹೆಸರು ಅಸಿಪುತ್ರಿ, ಎಂದರೆ ಖಡ್ಗದ ಮಗಳು. ಚಾಕು ಎಂಬ ಶಬ್ದವಾದರೋ ತುರ್ಕಿಯ ಮೂಲದಿಂದ ಫಾರಸಿಯ ಮೂಲಕ ಬಂದುದು. 1948ರವರೆಗೆ ನಿಜಾಮರ ಆಳಿಕೆಯಲ್ಲಿದ್ದ ನಮ್ಮ ಸೀಮೆಗೆ ಅದು ಪರಕೀಯವೆಂದು ತೋರುವುದೇ ಇಲ್ಲ. ಖಡ್ಗದ ಮಗಳಾದ ಮಾತ್ರಕ್ಕೆ ತಾಯಿಯ ವೃತ್ತಿಯನ್ನೇ ಹಿಡಿಯಬೇಕೆಂಬ ನಿಯಮವುಂಟೇ? ಛಾಂದೋಗ್ಯದಲ್ಲಿ ಉದ್ದಾಲಕನು ಮಗನಾದ ಶ್ವೇತಕೇತುವಿಗೆ ಕಬ್ಬಿಣದ ದೃಷ್ಟಾಂತವನ್ನು ಹೇಳುವಾಗ ಖಡ್ಗವನ್ನು ಹಿಡಿಯಲಿಲ್ಲ, ಉಗುರು ಕತ್ತರಿಸುವ ಸಣ್ಣ ಸಾಧನವನ್ನು ಹಿಡಿದನು. ಇದೇ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಹರಳಯ್ಯನು ತೊಗಲು ಕೊಯ್ದುದು ರಂಪಿಗೆಯಿಂದ. ಮೇದರ ಕೇತಯ್ಯನು ಬಿದಿರು ಸೀಳಿದುದು ಕತ್ತಿಯಿಂದ. ಕಾಯಕಕ್ಕೆ ಹಿಡಿದ ಅಲಗಿಗೆ ಈ ಊರಿನಲ್ಲಿ ಅವಮರ್ಯಾದೆ ಎಂದೂ ಇರಲಿಲ್ಲ.

ಇನ್ನು ಅಳಿಯನ ಪ್ರಶ್ನೆ. ಇದಕ್ಕೆ ಶಾಸ್ತ್ರವು ಸಾಲದು; ನಮ್ಮದೇ ಒಂದು ತಪ್ಪನ್ನು ಹೇಳಬೇಕಾಗುತ್ತದೆ.

ಎಂಟು ವರ್ಷಗಳ ಹಿಂದೆ ನಮ್ಮ ಹಿತ್ತಲಿನಲ್ಲಿ ಒಂದು ಆಕಳಿತ್ತು. ಒಂದು ಸಂಜೆ ಅದರ ಕರು ಗೂಟದ ಹಗ್ಗವನ್ನು ಕೊರಳಿಗೆ ಸುತ್ತಿಕೊಂಡು ಬಿದ್ದು ಒದ್ದಾಡುತ್ತಿದ್ದುದನ್ನು ಕಂಡು ಓಡಿದೆವು. ಎಡಗೈಯಿಂದ ಅದರ ಕೊರಳನ್ನೆತ್ತಿ ಹಿಡಿದು, ಬಲಗೈಯಿಂದ ಕಿಸೆಯ ಚಾಕನ್ನು ತೆಗೆದೆವು. ತಂದೆಯವರ ಕಾಲದ ಚಾಕು ಅದು. ಅಲಗಿನ ಗೀರಿನಲ್ಲಿ ಉಗುರಿಟ್ಟು ಎಳೆದು ತೆರೆಯತಕ್ಕದ್ದು. ಎರಡು ಕೈ ಬೇಕು, ನಮಗಿದ್ದುದು ಒಂದೇ. ಹಲ್ಲಿನಿಂದ ಕಚ್ಚಿ ಎಳೆದೆವು. ತುಕ್ಕು ಹಿಡಿದ ಕೀಲು ಜಗ್ಗಲಿಲ್ಲ. ಮನೆಯವರು ಕುಡುಗೋಲು ತರುವ ಹೊತ್ತಿಗೆ ಕಾಲ ಮೀರಿತ್ತು. ಆಕಳು ಮೂರು ದಿನ ಆ ಗೂಟವನ್ನೇ ಮೂಸುತ್ತ ನಿಂತಿತ್ತು. ಚಾಕನ್ನು ದೂರುವ ಹಾಗಿಲ್ಲ. ಎಣ್ಣೆ ಹಾಕದಿದ್ದವರು ನಾವು.

ಆದಕಾರಣ ಒಂದೇ ಕೈಯಿಂದ ತೆರೆಯಬಲ್ಲ ಚಾಕನ್ನು ನಾವು ಬರಿಯ ಷೋಕಿಯೆಂದು ತಳ್ಳಿಹಾಕಲಾರೆವು. ಆದರೆ ಅಳಿಯನು ತೋರಿಸಿದ ಎರಡರಲ್ಲಿ ಭೇದವುಂಟು. ಒಂದರಲ್ಲಿ ಹಿಡಿಯ ಮೇಲೊಂದು ಗುಂಡಿ. ಅದನ್ನು ಒತ್ತಿದೊಡನೆ ಕಮಾನು ಅಲಗನ್ನು ತಾನೇ ಹೊರಕ್ಕೆ ಚಿಮ್ಮಿಸುತ್ತದೆ. ಇನ್ನೊಂದರಲ್ಲಿ ಗುಂಡಿಯಿಲ್ಲ. ಅಲಗಿಗೇ ಸೇರಿದ ಒಂದು ಮೊಳೆಯನ್ನೋ ಹಿಂದಿನ ಕಿವಿಯನ್ನೋ ಬೆರಳಿನಿಂದ ನಾವೇ ನೂಕಬೇಕು. ಸ್ವಲ್ಪ ದೂರ ಸರಿದ ಮೇಲೆ ಮಾತ್ರ ಕಮಾನು ಕೈಗೂಡಿಸಿ ಅಲಗನ್ನು ಪೂರ್ತಿ ತೆರೆಯುತ್ತದೆ. ಅಲ್ಲಿಯವರೆಗೆ ಅದೇ ಕಮಾನು ಅಲಗನ್ನು ಮುಚ್ಚಿರುವಂತೆಯೇ ತಡೆದಿರುತ್ತದೆ. ಮೊದಲನೆಯದು ಕೈಯನ್ನು ಕೇಳದೆ ಓಡುವ ಕುದುರೆ; ಎರಡನೆಯದು ನಾವು ಹೆಜ್ಜೆಯಿಟ್ಟರೆ ಜತೆಗೆ ಬರುವ ಎತ್ತು. ಈ ಎರಡನೆಯ ಬಗೆಯು ಅಮೆರಿಕದಲ್ಲಿ 1990ರ ದಶಕದಲ್ಲಿ ಬಳಕೆಗೆ ಬಂದಿತು.

ಕಾನೂನಿನ ಮಾತನ್ನೂ ಅವನಿಗೆ ಹೇಳಿದೆವು. 1959ರ ಆಯುಧ ಕಾಯಿದೆಗೆ ಸೇರಿದ ನಿಯಮಗಳಲ್ಲಿ 9 ಅಂಗುಲಕ್ಕಿಂತ ಉದ್ದವಾದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗುಳ್ಳ ಚಾಕುಗಳನ್ನು ಆಯುಧಗಳೊಡನೆ ಎಣಿಸಿದೆ. ಗೃಹಕೃತ್ಯ, ಬೇಸಾಯ ಮುಂತಾದವುಗಳಿಗೆಂದೇ ಮಾಡಿದವನ್ನು ಮಾತ್ರ ಬಿಟ್ಟಿದೆ. ಅದೇ ಕಾಯಿದೆಯ 4ನೆಯ ಕಲಮಿನಂತೆ ಆಯಾ ಪ್ರದೇಶಕ್ಕೆ ಬೇರೆ ಅಧಿಸೂಚನೆಯನ್ನು ಹೊರಡಿಸಬಹುದು. ದೆಹಲಿಗೆ 1980ರಲ್ಲಿ ಹೊರಟ ಅಧಿಸೂಚನೆಯು ಕಮಾನಿನಿಂದಲೋ ಗುಂಡಿಯಿಂದಲೋ ಬೇರೆ ಯಂತ್ರದಿಂದಲೋ ತೆರೆಯುವ ಚಾಕುಗಳ ಅಲಗು 7.62 ಸೆಂಟಿಮೀಟರ್ ಉದ್ದವನ್ನೂ 1.72 ಸೆಂಟಿಮೀಟರ್ ಅಗಲವನ್ನೂ ಮುಟ್ಟಿದರೆ ಅದನ್ನು ನಿರ್ಬಂಧಕ್ಕೆ ಒಳಪಡಿಸಿತು. ಹುಮನಾಬಾದಿನವರು ಒಂದು ದಿನ ಸೊಲ್ಲಾಪುರಕ್ಕೆ, ಮರುದಿನ ಹೈದರಾಬಾದಿಗೆ ಹೋಗತಕ್ಕವರು. ಎರಡು ಗಂಟೆಯಲ್ಲಿ ರಾಜ್ಯವೇ ಬದಲಾಗುತ್ತದೆ. ಆದುದರಿಂದ ಗುಂಡಿಯ ಚಾಕು ಬೇಡವೇ ಬೇಡ. ಕಮಾನಿನ ನೆರವಿನದಾದರೆ ಅಲಗು ಮೂರಂಗುಲಕ್ಕೆ ಕಡಮೆಯಿರಲಿ. ಕೊಳ್ಳುವ ಮುಂಚೆ ಪೊಲೀಸ್ ಠಾಣೆಯಲ್ಲಿ ವಿಚಾರಿಸಲಿ. ಹಗ್ಗ, ಗೋಣಿಯ ಹೊಲಿಗೆ, ಮಾವಿನಕಾಯಿ ಇವುಗಳಿಗೆ ಮೂರಂಗುಲ ಧಾರಾಳವಾಯಿತು.

ಇನ್ನು ಅಂಗಡಿಯಲ್ಲಿ ನೋಡತಕ್ಕದ್ದು. ಕಮ್ಮಾರನು ಕಡಾಯಿಗಿಂತ ಮೊದಲು ಸೂಜಿಯ ಕೆಲಸವನ್ನು ಮುಗಿಸಿದನೆಂಬ ಸೂಚೀಕಟಾಹ ನ್ಯಾಯದಂತೆ ಸಣ್ಣವನ್ನು ಮೊದಲು ಹೇಳುತ್ತೇವೆ. ಹಿಡಿಯು ಬೆವರಿದ ಕೈಯಲ್ಲಿಯೂ ಜಾರಬಾರದು. ತುಕ್ಕು ಹಿಡಿಯದ ಉಕ್ಕು ಮರೆಗುಳಿಗಳಿಗೆ ಲೇಸು. ಸಾದಾ ಉಕ್ಕು ಮಸೆಗಲ್ಲಿಗೆ ಬೇಗ ಒಲಿಯುತ್ತದೆ, ಆದರೆ ನಿಂಬೆಯ ಹುಳಿಗೆ ಕಪ್ಪಾಗುತ್ತದೆ. ಅಲೆಯಲೆಯಾದ ಚಿತ್ತಾರವುಳ್ಳ ಅಲಗನ್ನು 'ದಮಾಸ್ಕಸ್' ಎಂದು ಹೊಗಳಿ ಮಾರುವುದುಂಟು. ಹಳೆಯ ಕಾಲದಲ್ಲಿ ಅಂಥ ಖಡ್ಗಗಳಿಗೆ ಬೇಕಾದ ಉಕ್ಕು ನಮ್ಮ ನೆರೆಯ ತೆಲಂಗಾಣದ ಕೋನಸಮುದ್ರದಿಂದಲೇ ಹೋಗುತ್ತಿತ್ತು, ದಿಟ. ಈಗಿನ ಅಗ್ಗದ ಚಿತ್ತಾರಗಳಲ್ಲಿ ಮೇಲೆ ಮಾತ್ರ ಕೊರೆದವೂ ಇವೆ. ಚಿತ್ತಾರಕ್ಕೆ ಹಣ ಕೊಡಬೇಕಾಗಿಲ್ಲ.

ಹಣ ಕೊಡಬೇಕಾದದ್ದು ಬೀಗಕ್ಕೆ. ತೆರೆದ ಅಲಗು ಕೆಲಸದ ನಡುವೆ ಮಡಚಿದರೆ ಬೆರಳೇ ಹೋದೀತು. ಒಳಗಿನ ಲೋಹದ ಪಟ್ಟಿಯು ಅಲಗಿನ ಬುಡಕ್ಕೆ ಪೂರ್ತಿಯಾಗಿ ಬಂದು ನಿಲ್ಲುವುದೋ ಎಂದು ನೋಡಬೇಕು. ಬೆರಳುಗಳನ್ನು ಬಾಯಿಯ ದಾರಿಯಿಂದ ದೂರವಿಟ್ಟು ಅಲಗಿನ ಬೆನ್ನನ್ನು ಮೆಲ್ಲನೆ ಒತ್ತಬೇಕು. ಆಚೀಚೆ ಅಲುಗಾಡಿದರೆ ಅದನ್ನು ಅಲ್ಲಿಯೇ ಇಟ್ಟು ಬರಬೇಕು. ಮುಚ್ಚುವಾಗಲೂ ಎಚ್ಚರ ಬೇಕು: ಮೊದಲು ಕಮಾನು ಎದುರು ನಿಲ್ಲುತ್ತದೆ, ಕೊನೆಯಲ್ಲಿ ತಟ್ಟನೆ ಒಳಕ್ಕೆ ಎಳೆಯುತ್ತದೆ. ಕಮಾನು ಒಂದು ದಿನ ಮುರಿಯತಕ್ಕದ್ದೇ. ಮುರಿದ ಮೇಲೆಯೂ ಹೆಬ್ಬೆರಳಿನಿಂದ ತೆರೆಯಬಹುದಾದುದನ್ನೇ ಆರಿಸಬೇಕು. ಕಿಸೆಯ ಧೂಳು ಕೀಲಿಗೆ ಸೇರುವುದರಿಂದ ತಿಂಗಳಿಗೊಮ್ಮೆ ಒರೆಸಿ ಒಂದು ತೊಟ್ಟು ಎಣ್ಣೆ ಬಿಡಬೇಕು.

ಉಳಿದದ್ದು ನಡತೆಯ ಮಾತು. ಮಕ್ಕಳ ಮುಂದೆ ಚಟಕ್ ಚಟಕ್ ಎಂದು ತೆರೆದು ಮುಚ್ಚಿ ಆಟವಾಡಬಾರದು. ಇನ್ನೊಬ್ಬರಿಗೆ ಮುಚ್ಚಿಯೇ ಕೊಡಬೇಕು. ಶಾಲೆಗೆ, ವೀರಭದ್ರೇಶ್ವರನ ಜಾತ್ರೆಯ ಜನಸಂದಣಿಗೆ ಒಯ್ಯಬಾರದು. ವಿಮಾನದಲ್ಲಿ ಕೈಚೀಲದೊಳಗೆ ಅದಕ್ಕೆ ಎಡೆಯಿಲ್ಲ. ಯಾವ ಚಾಕನ್ನು ಮನೆಯ ಹೆಂಗಸರ ಮುಂದೆ ತೆಗೆದು ಹಣ್ಣು ಹೆಚ್ಚಲು ಸಂಕೋಚವಾಗುವುದೋ, ಅದು ಗೃಹಸ್ಥನ ಚಾಕಲ್ಲವೆಂದು ತಿಳಿಯತಕ್ಕದ್ದು.

ಹದಿನೈದು ದಿನಗಳ ಮೇಲೆ ಅಳಿಯನು ಮತ್ತೆ ಬಂದನು. ಕಬ್ಬಿನ ಒಂದು ಕಟ್ಟನ್ನೂ ತಂದಿದ್ದನು. ಕಿಸೆಯಿಂದ ಎರಡೂವರೆ ಅಂಗುಲದ ಅಲಗಿನ ಚಾಕನ್ನು ತೆಗೆದು ಕಟ್ಟಿನ ಹಗ್ಗವನ್ನು ಒಂದೇ ಕೈಯಿಂದ ಕೊಯ್ದು, ಮುಚ್ಚಿ, ಅತ್ತೆಯ ಕೈಯಲ್ಲಿಟ್ಟನು. ಅವರು ಅದನ್ನು ತೆರೆದು ನೋಡಲಿಲ್ಲ. ಹಿತ್ತಲಿನ ಕಡೆಗೊಮ್ಮೆ ನೋಡಿ, "ಎಣ್ಣೆ ಹಾಕಿದ್ದೀಯೇನಪ್ಪಾ?" ಎಂದಷ್ಟೇ ಕೇಳಿದರು.