ಮೈಕಿಲ್ಲದ ದನಿ

“ಎಲ್ಲವೂ ಈಗ ಪರದೆಯ ಮೇಲೆ ಸಿಗುತ್ತದೆ, ಅಷ್ಟು ದುಡ್ಡು ಕೊಟ್ಟು ಒಪೆರಾ ಮಂದಿರಕ್ಕೆ ಹೋಗುವುದೇಕೆ ಸಾರ್?” ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದ್ದಾನೆ. ವಿಜ್ಞಾನದ ಮೇಷ್ಟ್ರಿಗೆ ಈ ಹುಚ್ಚು ಎಲ್ಲಿಂದ ಅಂಟಿತು ಎಂಬುದು ಅನೇಕರ ಸೋಜಿಗ. ಅವನ ಪ್ರಶ್ನೆಗೆ ಉತ್ತರವೂ ವಿಜ್ಞಾನದಲ್ಲೇ ಇದೆ.

ಒಪೆರಾ ಎಂದರೆ ಬಹುಪಾಲು ಹಾಡಿನಲ್ಲೇ ಸಾಗುವ ನಾಟಕ. ಅದರ ಗಾಯಕರು ಮೈಕ್ ಹಿಡಿಯುವುದಿಲ್ಲ. ನ್ಯೂಯಾರ್ಕಿನಲ್ಲಿ 1966ರಲ್ಲಿ ತೆರೆದ ಮೆಟ್ರೊಪಾಲಿಟನ್ ಒಪೆರಾ ಮಂದಿರದಲ್ಲಿ ಸುಮಾರು 3,800 ಆಸನಗಳಿವೆ. ವೇದಿಕೆಗೂ ಜನರಿಗೂ ನಡುವಿನ ತಗ್ಗಿನಲ್ಲಿ ಹತ್ತಾರು ವಾದ್ಯಗಳು ಮೊಳಗುತ್ತಿರುತ್ತವೆ. ಒಂಟಿ ಕಂಠವೊಂದು ಇದನ್ನೆಲ್ಲ ದಾಟಿ ಕೊನೆಯ ಸಾಲನ್ನು ಮುಟ್ಟುವುದು ಹೇಗೆ? ಸ್ವೀಡನ್ನಿನ ಯೋಹಾನ್ ಸುಂಡ್‌ಬರ್ಗ್ ಎಂಬ ವಿಜ್ಞಾನಿ ಇದನ್ನು ಅಳೆದು ತೋರಿಸಿದರು. ವಾದ್ಯವೃಂದದ ಶಕ್ತಿ ಹೆಚ್ಚಾಗಿ 500 ಹರ್ಟ್ಸ್‌ನ ಆಸುಪಾಸಿನಲ್ಲಿದ್ದು, ಮೇಲೇರಿದಂತೆ ಕ್ಷೀಣಿಸುತ್ತದೆ. ಪಳಗಿದ ಗಾಯಕ ತನ್ನ ಗಂಟಲಿನೊಳಗೆ 3,000 ಹರ್ಟ್ಸ್‌ನ ಸಮೀಪ ಒಂದು ಅನುರಣನವನ್ನು ಉಂಟುಮಾಡಿಕೊಳ್ಳುತ್ತಾನೆ. ನಮ್ಮ ಕಿವಿ ಅತಿ ಚುರುಕಾಗಿರುವುದೂ ಆ ಭಾಗದಲ್ಲೇ. ಜಾತ್ರೆಯ ಗದ್ದಲದಲ್ಲೂ ಮಗುವಿನ ಪೀಪಿಯ ಸದ್ದು ಕಿವಿಗೆ ಬೀಳುತ್ತದಲ್ಲ, ಹೆಚ್ಚುಕಡಿಮೆ ಹಾಗೆ. (ತಾರಸ್ಥಾಯಿಯಲ್ಲಿ ಹಾಡುವ ಹೆಂಗಸರ ಉಪಾಯ ಬೇರೆ, ಅದು ಇನ್ನೊಂದು ಪಾಠ.)

ನಿವೃತ್ತಿಯ ನಂತರ ನ್ಯೂಜೆರ್ಸಿಯಲ್ಲಿ ಮಗಳ ಮನೆಯಲ್ಲಿದ್ದಾಗ, ಆ ಮಂದಿರದ ಎಲ್ಲಕ್ಕಿಂತ ಮೇಲಿನ ಅಟ್ಟದಲ್ಲಿ ಕುಳಿತು ಪುಚ್ಚೀನಿಯ ‘ಲಾ ಬೊಹೆಮ್’ ನೋಡಿದೆ. ಜೆಫಿರೆಲ್ಲಿಯವರು 1981ರಲ್ಲಿ ರೂಪಿಸಿದ ರಂಗಸಜ್ಜೇ ಅಲ್ಲಿ ಇಂದಿಗೂ ಪ್ರಸಿದ್ಧ. ಮೇಲಿನಿಂದ ನಾಯಕಿ ಹೆಬ್ಬೆರಳಿನಷ್ಟು ಕಾಣುತ್ತಿದ್ದಳು. ಮೂರನೆಯ ಅಂಕದಲ್ಲಿ, ಹಿಮ ಬೀಳುತ್ತಿರಲು, ಆಕೆ ನಲ್ಲನಿಗೆ ವಿದಾಯ ಹೇಳುವಾಗ ದನಿಯನ್ನು ತಗ್ಗಿಸಿದಳು. ಆ ತಗ್ಗಿದ ದನಿ ಯಾವ ತಂತಿಯ ಹಂಗೂ ಇಲ್ಲದೆ ಅಷ್ಟು ದೂರ ನಡೆದುಬಂದು ನನ್ನ ಕಿವಿಯನ್ನು ತಲುಪಿತು. ಪಕ್ಕದಲ್ಲಿ ಕೆಮ್ಮುತ್ತಿದ್ದ ಮುದುಕರೊಬ್ಬರು ಕೆಮ್ಮನ್ನು ನುಂಗಿಕೊಂಡರು.

ಅದೇ ನಿರ್ಮಾಣದ ಧ್ವನಿಚಿತ್ರಣವನ್ನು ಆಮೇಲೆ ಪರದೆಯ ಮೇಲೆ ಕಂಡೆ. ಅವಳ ಕಣ್ಣಂಚಿನ ನೀರು ಸ್ಪಷ್ಟವಾಗಿ ಕಂಡಿತು. ಅಟ್ಟದಿಂದ ಅದು ಕಂಡಿರಲಿಲ್ಲ. ಆದರೆ ಅಲ್ಲಿ ಸಣ್ಣ ಕಂಠವೂ ದೊಡ್ಡ ಕಂಠವೂ ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತವೆ. ಯಾರ ದನಿ ಎಷ್ಟು ಕೇಳಬೇಕೆಂಬುದನ್ನು ಧ್ವನಿ ಹೊಂದಿಸುವವನು ತೀರ್ಮಾನಿಸಿರುತ್ತಾನೆ. ಎರಡನೆಯ ಅಂಕದ ಪ್ಯಾರಿಸ್ ಬೀದಿಯಲ್ಲಿ ಇನ್ನೂರಕ್ಕೂ ಹೆಚ್ಚು ಜನ ತುಂಬಿರುವಾಗ ಎತ್ತ ನೋಡಬೇಕೆಂಬ ಸ್ವಾತಂತ್ರ್ಯವೂ ನನಗಿರಲಿಲ್ಲ.

ಇಷ್ಟಾದರೂ ಪ್ರಸಾರವನ್ನು ಹಳಿಯಲಾರೆ. ಹಳಿದರೆ ಕೃತಘ್ನನಾದೇನು. ಕಾಲೇಜಿನ ದಿನಗಳಲ್ಲಿ ಶಾರ್ಟ್‌ವೇವ್ ರೇಡಿಯೋದ ಗರಗರ ಸದ್ದಿನ ನಡುವೆ ತೇಲಿಬಂದ ಒಂದು ಕಂಠವೇ ನನ್ನನ್ನು ಹಿಡಿದದ್ದು. ದೂರದವರಿಗೆ ಒಪೆರಾ ಕೇಳಿಸುವ ಹಂಬಲವೂ ಹಳೆಯದೇ. 1881ರಲ್ಲಿ ಪ್ಯಾರಿಸ್ಸಿನ ಪ್ರದರ್ಶನವೊಂದರಲ್ಲಿ ಜನ ಟೆಲಿಫೋನಿನ ಮೂಲಕ ಒಪೆರಾ ಕೇಳಿದ್ದರು. ಮೆಟ್ರೊಪಾಲಿಟನ್‌ನ ಶನಿವಾರದ ರೇಡಿಯೋ ಪ್ರಸಾರದ ಪರಂಪರೆ 1931ರ ಕ್ರಿಸ್‌ಮಸ್ ದಿನದಂದು ಮೊದಲಾಯಿತು. ಚಿತ್ರಮಂದಿರಗಳಿಗೆ ನೇರಪ್ರಸಾರ ಆರಂಭವಾದದ್ದು 2006ರ ಡಿಸೆಂಬರ್ 30ರಂದು, ಮೊಜಾರ್ಟನ ‘ಮಾಯಾ ಕೊಳಲಿ’ನೊಂದಿಗೆ. 2020ರ ಮಾರ್ಚಿನಲ್ಲಿ ಮಂದಿರದ ಬಾಗಿಲು ಮುಚ್ಚಿದಾಗ ಹಳೆಯ ಪ್ರದರ್ಶನಗಳನ್ನು ರಾತ್ರಿಗೊಂದರಂತೆ ಜಗತ್ತಿಗೆಲ್ಲ ಉಚಿತವಾಗಿ ಉಣಬಡಿಸಿದರು. ಮನೆಯಿಂದ ಹೊರಬೀಳಲಾಗದ ಆ ದಿನಗಳಲ್ಲಿ ನನಗೂ ನನ್ನ ಮನೆಯವರಿಗೂ ಅದೇ ಆಸರೆಯಾಗಿತ್ತು.

ನನ್ನ ಆತಂಕ ಬೇರೆಯದು: ಪರದೆಯ ಅಭಿರುಚಿ ನಿಧಾನವಾಗಿ ವೇದಿಕೆಗೆ ಹಿಂತಿರುಗುತ್ತದೆ. 1977ರಲ್ಲಿ ಪಾವರೊಟ್ಟಿಯೊಡನೆ ಹಾಡಿದ ‘ಲಾ ಬೊಹೆಮ್’ ದೂರದರ್ಶನದಲ್ಲಿ ಪ್ರಸಾರವಾದ ಮೇಲೆ, ತಮ್ಮನ್ನು ತಾವೇ ಅದರಲ್ಲಿ ಕಂಡ ರೆನಾಟಾ ಸ್ಕಾಟೊ ತೂಕ ಇಳಿಸಿಕೊಂಡರು. ಅದು ಅವರ ಇಚ್ಛೆ, ಸರಿಯೇ. ಆದರೆ ಕಂಠಕ್ಕಿಂತ ಮೊದಲು ಮುಖ ನೋಡಿ ಪಾತ್ರ ಕೊಡುವ ಕಾಲ ಬಂದರೆ?

ನಮ್ಮ ಕರಾವಳಿಯ ಯಕ್ಷಗಾನವನ್ನು ನೋಡಿ. ಹಿಂದೆ ಭಾಗವತರು ಏರುಶ್ರುತಿಯಲ್ಲಿ, ಚೆಂಡೆಯ ಮೇಲೆ ಹಾಯುವಂತೆ ಪದ ಹೇಳಿದರೆ ಗದ್ದೆಯ ಆಚೆ ಬದಿಯಲ್ಲಿ ಕುಳಿತವರಿಗೂ ಕೇಳಿಸುತ್ತಿತ್ತು. ಮೈಕು ಬಂದಿತು. ಅದರಿಂದ ನಯವಾದ ಆಲಾಪನೆಗಳು ಬಂದವು, ಒಪ್ಪುತ್ತೇನೆ. ಆ ಹಳೆಯ ಏರುದನಿ ಬೇಡವೆಂದು ಯಾರೂ ಹೇಳಲಿಲ್ಲ. ಅದು ಅನಿವಾರ್ಯವಲ್ಲದಂತಾಯಿತು, ಅಷ್ಟೆ. ಪರದೆಯಲ್ಲಷ್ಟೇ ಒಪೆರಾ ಬಲ್ಲ ಪ್ರೇಕ್ಷಕರ ಮುಂದೆ ನಾಳೆ ಯಾರಾದರೂ ವೇದಿಕೆಯಲ್ಲಿ ಧ್ವನಿವರ್ಧಕ ಹಚ್ಚಿದರೆ, ಬದಲಾದದ್ದೇನೆಂದು ಗುರುತಿಸುವವರು ಯಾರು?

ನ್ಯೂಯಾರ್ಕ್, ಲಂಡನ್, ಮಿಲಾನುಗಳ ಆಸುಪಾಸಿನಲ್ಲಿರುವ ನನ್ನ ಶಿಷ್ಯರೇ, ಮನೆಯ ಮಕ್ಕಳೇ, ಒಮ್ಮೆ ಹೋಗಿಬನ್ನಿ. ಮೇಲಟ್ಟದ ಅಗ್ಗದ ಟಿಕೆಟೇ ಸಾಕು. ಕಥೆಯನ್ನು ಮೊದಲೇ ಓದಿಕೊಂಡು ಹೋಗಿ. ದುರ್ಬೀನು ಮಾತ್ರ ಒಯ್ಯಬೇಡಿ.